ಗೋದಾಮು ಕಟ್ಟುವ ಮೊದಲು: ತೊಗರಿಯ ಕ್ಯಾಲೆಂಡರ್, ಎರಿ ಮಣ್ಣಿನ ಕ್ಯಾಲೆಂಡರ್

ಪ್ರಶ್ನೆ: ಸರ್ ನಮಸ್ಕಾರ. ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮದು ತೊಗರಿ, ಕಡಲೆ ವ್ಯಾಪಾರ. ಹದಿನಾಲ್ಕು ವರ್ಷದಿಂದ ಬಾಡಿಗೆ ಗೋದಾಮಿನಲ್ಲೇ ಇದ್ದೇವೆ. ಹುಮನಾಬಾದ್ ರಸ್ತೆ ಕಡೆ 60×90 ಅಡಿಯ ಪ್ಲಾಟ್ ತಗೊಂಡಿದ್ದೇವೆ, ಎನ್‌ಎ (ಕೃಷಿಯೇತರ) ಆಗಿದೆ. ಮುಂದೆ ಎರಡು ಶಟರ್, ಮೇಲೆ ಆಫೀಸು, ಹಿಂದೆ ಗೋದಾಮು ಕಟ್ಟಬೇಕು ಅಂತ ಆಸೆ. ಗೊತ್ತಿರುವ ಗುತ್ತೇದಾರರೊಬ್ಬರು ಯುಗಾದಿಗೆ ಶುರು ಮಾಡಿ ಎಂಟು ತಿಂಗಳಲ್ಲಿ ಚಾವಿ ಕೊಡುತ್ತೇನೆ, ಚದರಡಿಗೆ 1,700 ರೂಪಾಯಿ, ಎಲ್ಲಾ ಸೇರಿ ಅನ್ನುತ್ತಾರೆ. ಮಣ್ಣಿನ ಪರೀಕ್ಷೆ ಸುಮ್ನೆ ಖರ್ಚು, "ಐದು ಫೂಟ್ ಹೊಡ್ದು ಮುರುಮ್ ತುಂಬಿದ್ರ ಸಾಕ್ರಿ" ಅಂತಾರೆ. ಬೀದರ್‌ನಲ್ಲಿರುವ ನಮ್ಮ ಭಾವ, ಮೊದಲು ಪ್ಲಿಂತ್ (ನೆಲಗಟ್ಟು) ಎಬ್ಬಿಸು, ಪರ್ಮಿಶನ್ ಆಮೇಲೆ ದಂಡ ಕಟ್ಟಿ ತಗೊಂಡರಾಯಿತು ಅನ್ನುತ್ತಾರೆ. ಮಗ ಕಬ್ಬಿಣದ ಶೆಡ್ ಹಾಕೋಣ ಅನ್ನುತ್ತಾನೆ. ದೀಪಾವಳಿ ಮುಗಿದಾಗಿನಿಂದ ಇದೇ ಮಾತು. ಮುಂದಿನ ವರ್ಷದ ತೊಗರಿ ಬರುವಷ್ಟರಲ್ಲಿ ಒಳಗೆ ಹೋಗಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಹೊರಗೆ ಕಾಣುವ ಚಿಂತೆ ಮೂರು: ಮಣ್ಣು, ಪರ್ಮಿಶನ್, ಶೆಡ್ಡೋ ಸ್ಲ್ಯಾಬೋ ಅನ್ನುವುದು. ಆದರೆ ಒಳಗಿನ ಚಿಂತೆ ಒಂದೇ ಅಲ್ವಾ? ಹದಿನಾಲ್ಕು ವರ್ಷ ಉಳಿಸಿದ ದುಡ್ಡು ನೆಲದಲ್ಲಿ ಹೋಗಬಾರದು, ವ್ಯಾಪಾರ ಒಂದು ಸೀಸನ್ ಕೂಡ ನಿಲ್ಲಬಾರದು. ಅದಕ್ಕೇ ನಾನು ಪ್ಲ್ಯಾನಿನಿಂದ ಶುರು ಮಾಡುವುದಿಲ್ಲ, ಕ್ಯಾಲೆಂಡರಿನಿಂದ ಶುರು ಮಾಡುತ್ತೇನೆ.

ನಿಮ್ಮ ಮನೆ ಗೋಡೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಗೆರೆ ಎಳೆಯಿರಿ. ಅದು ತೊಗರಿ ಆವಕದ ಕಾಲ. ಆಗ ನೀವು ಬೆಳಿಗ್ಗೆಯಿಂದ ರಾತ್ರಿ ತನಕ ಗಂಜ್‌ನಲ್ಲಿ. ಕೈಯಲ್ಲಿರುವ ರೊಕ್ಕವೆಲ್ಲ ಮಾಲಿನ ಮೇಲೆ. ಸೈಟಿಗೆ ಹೋಗಲಿಕ್ಕೆ ಪುರುಸೊತ್ತಿಲ್ಲ, ಗುತ್ತೇದಾರರಿಗೆ ಕಂತು ಕೊಡಲಿಕ್ಕೆ ರೊಕ್ಕವೂ ಇಲ್ಲ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್ನೊಂದು ಗೆರೆ ಎಳೆಯಿರಿ. ಅದು ಮಳೆಗಾಲ. ಆಗ ಎರಿ (ಕಪ್ಪು) ಮಣ್ಣಿನೊಳಗೆ ಜಲ್ಲಿ ಲಾರಿ ಹೊಕ್ಕರೆ ಹೊರಗೆ ಬರುವುದಿಲ್ಲ. ತೋಡಿದ ಗುಂಡಿ ಸಂಜೆಗೆ ಕೆರೆ, ಬೆಳಿಗ್ಗೆಗೆ ಬದಿ ಕುಸಿದಿರುತ್ತದೆ. ಈ ಎರಡು ಗೆರೆಗಳ ನಡುವೆ ಉಳಿಯುವುದು ಮಾರ್ಚ್, ಏಪ್ರಿಲ್, ಮೇ. ಮುಂದಿನ ತೊಗರಿಗೆ ಒಳಗೆ ಹೋಗಬೇಕಾದರೆ ಪಾಯದ ಕೆಲಸಕ್ಕೆ ಸಿಗುವುದು ಇಷ್ಟೇ ಕಾಲ.

ಯುಗಾದಿಗೆ ಪೂಜೆ ಮಾಡುವುದು ಒಳ್ಳೆಯದೇ. ಆದರೆ ಯುಗಾದಿಗೆ ಗುದ್ದಲಿ ಬೀಳಬೇಕಾದರೆ ಅಷ್ಟರಲ್ಲಿ ನಕ್ಷೆ ಮಂಜೂರಾಗಿರಬೇಕು, ಮಣ್ಣಿನ ವರದಿ ಕೈಯಲ್ಲಿರಬೇಕು, ಒಪ್ಪಂದ ಸಹಿ ಆಗಿರಬೇಕು. ಆ ಮೂರೂ ಕೆಲಸ ನಡೆಯಬೇಕಾದದ್ದು ನೀವು ಗಂಜ್‌ನಲ್ಲಿ ಮುಳುಗಿರುವ ಮೂರು ತಿಂಗಳಲ್ಲೇ. ಆದ್ದರಿಂದ ಮೊದಲ ತೀರ್ಮಾನ ಇದು: ಈ ಕೆಲಸದ ಫೈಲು ಮಗನ ಕೈಗೆ ಕೊಡಿ. ಶೆಡ್ ಬೇಕು ಅಂತ ಕೇಳುವಷ್ಟು ಆಸಕ್ತಿ ಅವನಿಗಿದೆ. ಕಚೇರಿಗೆ ಅವನೇ ಓಡಾಡಲಿ. ನೀವು ವಾರಕ್ಕೊಮ್ಮೆ ಕೂತು ಕೇಳಿ.

ಎನ್‌ಎ ಅಂದರೆ ಯಾವುದಕ್ಕೆ ಎನ್‌ಎ?

ನಮ್ಮ ಭಾಗದಲ್ಲಿ "ಎನ್‌ಎ ಆಗಿದೆ" ಅಂದರೆ ಎಲ್ಲಾ ಮುಗಿಯಿತು ಅಂತ ತಿಳಿಯುತ್ತಾರೆ. ಹಾಗಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಜಮೀನು ಕೃಷಿಯೇತರ ಆಗುವಾಗ ಆದೇಶದಲ್ಲಿ ಉದ್ದೇಶ ಬರೆದಿರುತ್ತದೆ. ವಾಸಕ್ಕೋ, ವಾಣಿಜ್ಯಕ್ಕೋ, ಕೈಗಾರಿಕೆಗೋ? ನಿಮ್ಮ ಆದೇಶದ ಪ್ರತಿ ತೆಗೆದು ಆ ಒಂದು ಸಾಲು ಓದಿ. ಲೇಔಟ್ ಪ್ಲಾಟುಗಳು ಹೆಚ್ಚಾಗಿ ವಾಸಕ್ಕೆಂದೇ ಆಗಿರುತ್ತವೆ. ವಾಸದ ಪ್ಲಾಟಿನಲ್ಲಿ ಗೋದಾಮು ಕಟ್ಟಲು ಹೋದರೆ ನಕ್ಷೆ ಮಂಜೂರಾತಿಯಲ್ಲೇ ಕಲ್ಲು ಸಿಗುತ್ತದೆ. ಆಗ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮಿನಡಿ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೆ ಹಿಡಿಯುವ ಕಾಲವನ್ನು ಯಾವ ಗುತ್ತೇದಾರರೂ ತಮ್ಮ ಎಂಟು ತಿಂಗಳಲ್ಲಿ ಲೆಕ್ಕ ಹಿಡಿದಿರುವುದಿಲ್ಲ.

ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ ಮಾಸ್ಟರ್ ಪ್ಲ್ಯಾನಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಇದೆ ನೋಡಿಸಿ. ಮುಂದಿನ ರಸ್ತೆ ಎಷ್ಟು ಅಗಲ ಆಗಬೇಕೆಂದು ಬರೆದಿದೆ ಅನ್ನುವುದನ್ನೂ ಅಲ್ಲೇ ಕೇಳಿ. ನಿಮ್ಮ ಪ್ಲಾಟ್ ಹೆದ್ದಾರಿಗೇ ತಾಗಿದ್ದರೆ ಇನ್ನೊಂದು ಮಾತಿದೆ. ಹುಮನಾಬಾದ್ ರಸ್ತೆ ರಾಷ್ಟ್ರೀಯ ಹೆದ್ದಾರಿ 50. ಹೆದ್ದಾರಿಯಿಂದ ಲಾರಿ ಒಳಗೆ ತಿರುಗಿಸಲು ಹೆದ್ದಾರಿ ಇಲಾಖೆಯ ಒಪ್ಪಿಗೆ ಬೇಕು, ಕಟ್ಟಡದ ಗೆರೆಯನ್ನೂ ರಸ್ತೆಯ ಮಧ್ಯದಿಂದ ಅಳೆಯುತ್ತಾರೆ. ಒಳಗಿನ ಅಡ್ಡ ರಸ್ತೆಯಲ್ಲಿದ್ದರೆ ಈ ತಾಪತ್ರಯ ಇಲ್ಲ.

ಭಾವನವರ ಸಲಹೆಗೆ ಬರುತ್ತೇನೆ. "ಕಟ್ಟಿಬಿಡು, ಆಮೇಲೆ ದಂಡ" ಅನ್ನುವ ಮಾತು ಒಂದು ಕಾಲದಲ್ಲಿ ನಡೆಯುತ್ತಿತ್ತು. ಜನ ಅಕ್ರಮ-ಸಕ್ರಮ ಬರುತ್ತದೆ ಅಂತ ಕಾಯುತ್ತಿದ್ದರು. ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್ 17ರಂದು ಅದೇ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟು, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ಒಸಿ (ಬಳಕೆಗೆ ಒಪ್ಪಿಗೆ ಪತ್ರ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದಿತು. ಕಟ್ಟಡವನ್ನು ಅಡವಿಟ್ಟುಕೊಂಡು ಸಾಲ ಕೊಡುವಾಗ ಬ್ಯಾಂಕ್‌ಗಳೂ ಆ ಪತ್ರ ನೋಡಬೇಕು ಎಂದಿತು. ಮಂಜೂರಾದ ನಕ್ಷೆ ಮೀರಿ ಕಟ್ಟಿದರೆ ಒಸಿ ಸಿಗುವುದಿಲ್ಲ. ಸಣ್ಣ ಮನೆಗಳಿಗೆ ಅಲ್ಲಿ ಇಲ್ಲಿ ಸಡಿಲಿಕೆ ಸಿಕ್ಕಿದ್ದು ಕೇಳಿ ಅಂಗಡಿ, ಗೋದಾಮಿನವರು ಧೈರ್ಯ ತಂದುಕೊಳ್ಳಬಾರದು. ಗೋದಾಮು ಎದ್ದು ನಿಂತಿದೆ, ಶಟರಿಗೆ ಬಣ್ಣ ಹೊಡೆದಿದೆ, ಆದರೆ ಜೆಸ್ಕಾಂ ವಿದ್ಯುತ್ ಮೀಟರ್ ಇಲ್ಲ. ಆವಕದ ಕಾಲದಲ್ಲಿ ಎಲೆಕ್ಟ್ರಾನಿಕ್ ಕಾಟಾ, ಲೈಟು, ಕಂಪ್ಯೂಟರು ಎಲ್ಲಾ ಜನರೇಟರ್ ಮೇಲೆ. ನೆನೆಸಿಕೊಂಡು ನೋಡಿ. ದಂಡಕ್ಕಿಂತ ಆ ಡೀಸೆಲ್ಲೇ ಜಾಸ್ತಿ ಆಗುತ್ತದೆ.

ಐದು ಫೂಟಿನ ಮಾತು

ಈಗ ಮುಖ್ಯ ವಿಷಯ. ಇದರ ಮೇಲೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕೆಂದರೆ ನಮ್ಮೂರಿನಲ್ಲಿ ಬಿರುಕು ಬಿಟ್ಟ ಕಟ್ಟಡ ನೋಡಲು ನನ್ನನ್ನು ಕರೆದಾಗಲೆಲ್ಲ ಹೆಚ್ಚಿನ ಸಲ ಕಾರಣ ಇದೇ ಇರುತ್ತದೆ.

ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಣ್ಣೆ ಮೇಲೆ. ಅಲ್ಲಿ ನಾಲ್ಕು ಫೂಟ್ ತೋಡಿ ಕಟ್ಟಿದ ಅಂಗಡಿ ಮೂವತ್ತು ವರ್ಷ ಜುಮ್ಮೆನ್ನದೆ ನಿಂತಿರಬಹುದು. ಅಲ್ಲಿಯ ಕಟ್ಟಡ ನೋಡಿದ ಭಾವನವರಿಗೆ ಪ್ಲಿಂತ್ ಬೇಗ ಎಬ್ಬಿಸುವುದು ಸುಲಭ ಅನ್ನಿಸಿದರೆ ತಪ್ಪಲ್ಲ. ಆದರೆ ಕಲಬುರಗಿಯಲ್ಲಿ ಹೆಚ್ಚಿನ ಕಡೆ ನಮ್ಮ ಕಾಲ ಕೆಳಗೆ ಇರುವುದು ಎರಿ ಮಣ್ಣು. ಇದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಇದರೊಳಗಿನ ಒಂದು ಬಗೆಯ ಜೇಡಿಯ ಪದರಗಳ ನಡುವೆ ನೀರು ಹೊಕ್ಕು ಆ ಪದರಗಳನ್ನೇ ದೂರ ತಳ್ಳುತ್ತದೆ. ಮೇ ತಿಂಗಳಲ್ಲಿ ಹೊಲಕ್ಕೆ ಹೋದರೆ ಕೈ ಹೋಗುವಷ್ಟು ಬಿರುಕು ಕಾಣುತ್ತವಲ್ಲ, ಆಗಸ್ಟ್‌ನಲ್ಲಿ ಅದೇ ಬಿರುಕು ಎಲ್ಲಿ ಹೋಯಿತು? ಮಣ್ಣು ಉಬ್ಬಿ ಮುಚ್ಚಿಕೊಂಡಿತು. ನಿಮ್ಮ ಕಟ್ಟಡದ ಕೆಳಗೂ ಅದೇ ನಡೆಯುತ್ತದೆ. ಈ ಏರಿಳಿತ ಸುಮಾರು ಮೂರೂವರೆ ಮೀಟರ್, ಅಂದರೆ ಹನ್ನೊಂದು ಹನ್ನೆರಡು ಫೂಟ್ ಆಳದ ತನಕ ಇರುತ್ತದೆ. ಐದು ಫೂಟ್ ಅಂದರೆ ಅದರ ಅರ್ಧ ದಾರಿ.

ಮುರುಮ್, ಅಂದರೆ ಗರಸು ಮಣ್ಣು, ತುಂಬುವುದರಲ್ಲಿ ತಪ್ಪಿಲ್ಲ, ಹೇಗೆ ತುಂಬುತ್ತಾರೆ ಅನ್ನುವುದರಲ್ಲಿ ತಪ್ಪಾಗುತ್ತದೆ. ಬರೀ ಕಾಲುವೆಯಂತೆ ತೋಡಿ ಅದಕ್ಕೆ ಮರಳೋ ಸಡಿಲ ಮುರುಮೋ ಸುರಿದರೆ, ಸುತ್ತಲಿನ ಎರಿ ಮಣ್ಣು ನೀರು ಬಿಡುವುದಿಲ್ಲ, ಒಳಗಿನ ಮುರುಮ್ ನೀರು ಹಿಡಿಯುತ್ತದೆ. ನಿಮ್ಮ ಪಾಯದ ಕೆಳಗೇ ಒಂದು ಉದ್ದನೆಯ ತೊಟ್ಟಿ ಕಟ್ಟಿದಂತಾಯಿತು. ಬರೀ ಎರಿ ಮಣ್ಣಿನ ಮೇಲೆ ಕಟ್ಟಿದ್ದಕ್ಕಿಂತ ಇದು ಕೆಟ್ಟದ್ದು.

ಹಲವು ವರ್ಷದ ಹಿಂದೆ ಜೇವರ್ಗಿ ಕಡೆಯ ಒಂದು ಗೋದಾಮಿಗೆ ಹೋಗಿದ್ದೆ. ಎರಡನೇ ಮಳೆಗಾಲ ಮುಗಿದಿತ್ತು. ಶಟರ್ ಅರ್ಧಕ್ಕೆ ನಿಂತು ಕೆಳಗೆ ಇಳಿಯುತ್ತಿರಲಿಲ್ಲ. ಚೌಕಟ್ಟಿನ ಒಂದು ಬದಿ ಬೆರಳು ದಪ್ಪ ಮೇಲೆದ್ದಿತ್ತು. ಮಾಲೀಕರು ನೆಲ ನೋಡಿ ಸರ್, ಸರಿಯಾಗೇ ಇದೆ ಅಂದರು. ಕಣ್ಣಿಗೆ ಸರಿಯಾಗೇ ಇತ್ತು. ನಾನು ಮೂಲೆಯಲ್ಲಿ ಬಿದ್ದಿದ್ದ ಒಂದು ಹಿಡಿ ತೊಗರಿ ಕಾಳು ತೆಗೆದು ನಡುವೆ ಬಿಟ್ಟೆ. ಕಾಳು ನಾಲ್ಕೂ ಗೋಡೆಯ ಕಡೆ ಉರುಳಿಕೊಂಡು ಹೋದವು. ನೆಲ ನಡುವೆ ಗುಡ್ಡದ ಹಾಗೆ ಎದ್ದಿತ್ತು. ಅವರು ಹಾಸಿದ್ದು ಒಳ್ಳೆಯ ಶಹಾಬಾದ್ ಫರಸಿ, ಎರಡಿಂಚು ದಪ್ಪದ್ದು. ಕಲ್ಲಿನದೇನೂ ತಪ್ಪಿರಲಿಲ್ಲ. ಫರಸಿ ಕೆಳಗೆ ಅರ್ಧ ಫೂಟ್ ಮುರುಮ್, ಅದರ ಕೆಳಗೆ ಶುದ್ಧ ಎರಿ ಮಣ್ಣು. ಪಕ್ಕದಲ್ಲಿ ನೀರಿನ ತೊಟ್ಟಿ, ಅದರ ಪೈಪು ಸೋರುತ್ತಿತ್ತು.

ಗೋದಾಮಿಗೆ ಈ ತೊಂದರೆ ಮನೆಗಿಂತ ಜಾಸ್ತಿ. ಯಾಕೆ ಅಂದರೆ ಮತ್ತೆ ಆ ಎರಡು ಕ್ಯಾಲೆಂಡರ್. ಜನವರಿ, ಫೆಬ್ರವರಿಯಲ್ಲಿ ನಿಮ್ಮ ಗೋದಾಮು ತುಂಬಿರುತ್ತದೆ, ಆಗ ಮಣ್ಣು ಒಣಗುತ್ತಾ ಕುಗ್ಗುವ ಕಾಲ. ತೂಕವೂ ಕೆಳಗೆ, ಮಣ್ಣೂ ಕೆಳಗೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮಾಲು ಖಾಲಿ ಆಗಿರುತ್ತದೆ, ಆಗ ಮಣ್ಣು ಉಬ್ಬುವ ಕಾಲ. ತಡೆಯಲು ಮೇಲೆ ತೂಕವೇ ಇಲ್ಲ. ವರ್ಷ ವರ್ಷವೂ ಹೀಗೆ ಮೇಲೆ ಕೆಳಗೆ ಆಡಿದರೆ ಯಾವ ನೆಲ ತಡೆದೀತು?

ಹಾಗಾಗಿ ಪರೀಕ್ಷೆ ಬೇಕೇ ಬೇಕು. ಅದೇನು ದೊಡ್ಡ ಮಾಟವಲ್ಲ. ಎರಡು ಗಾಜಿನ ಅಳತೆ ಕೊಳವೆ ತೆಗೆದುಕೊಂಡು ತಲಾ ಹತ್ತು ಗ್ರಾಂ ಒಣ ಮಣ್ಣು ಜರಡಿ ಹಿಡಿದು ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ನೋಡಿದರೆ ನೀರಿನ ಕೊಳವೆಯ ಮಣ್ಣು ಎಷ್ಟು ಮೇಲೆ ಬಂದಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ವ್ಯತ್ಯಾಸ ನೂರಕ್ಕೆ 50ರ ಒಳಗಿದ್ದರೆ ಅಷ್ಟು ಭಯವಿಲ್ಲ. 100 ದಾಟಿದರೆ ಜೋಪಾನ. ಇದರ ಜೊತೆಗೆ ಎರಡು ಮೂರು ಕಡೆ ಬೋರ್ ಹಾಕಿ ಎರಿ ಮಣ್ಣು ಎಷ್ಟು ಆಳ, ಗಟ್ಟಿ ಮುರುಮ್ ಎಲ್ಲಿ ಸಿಗುತ್ತದೆ, ಎಷ್ಟು ಭಾರ ತಡೆಯುತ್ತದೆ ಅಂತ ವರದಿ ಕೊಡುತ್ತಾರೆ. ಪಕ್ಕದ ಪ್ಲಾಟಿನ ವರದಿ ನಂಬಬೇಡಿ. ಒಂದೇ ಪ್ಲಾಟಿನ ಒಂದು ಮೂಲೆಯಲ್ಲಿ ಆರು ಫೂಟಿಗೆ ಮುರುಮ್ ಸಿಕ್ಕು ಇನ್ನೊಂದು ಮೂಲೆಯಲ್ಲಿ ಹನ್ನೆರಡಕ್ಕೂ ಸಿಗದೆ ಇದ್ದದ್ದನ್ನು ನಾನೇ ನೋಡಿದ್ದೇನೆ.

ವರದಿ ಬಂದ ಮೇಲೆ ದಾರಿಗಳು ಇವು. ಏಳೆಂಟು ಫೂಟಿನೊಳಗೆ ಗಟ್ಟಿ ಮುರುಮ್ ಸಿಕ್ಕರೆ ಕಾಲಮ್ಮುಗಳ ಫುಟಿಂಗನ್ನು (ತಳದ ಅಡಿಪಾಯವನ್ನು) ಅಲ್ಲಿಗೇ ಇಳಿಸಿ ಕೂರಿಸಿ. ಅಗ್ಗ, ನಮ್ಮ ಗೌಂಡಿಗಳಿಗೆ ರೂಢಿ ಇರುವ ಕೆಲಸ. ಎರಿ ಮಣ್ಣು ತುಂಬಾ ಆಳ ಇದ್ದರೆ ಅಂಡರ್ ರೀಮ್ಡ್ ಪೈಲ್. ಕೊಳವೆ ಬಾವಿಯ ಹಾಗೆ ಸಣ್ಣ ಗುಂಡಿ ಕೊರೆದು ತಳದಲ್ಲಿ ಗಡಿಗೆಯ ಹಾಗೆ ಉಬ್ಬಿಸಿ ಕಾಂಕ್ರೀಟ್ ತುಂಬುತ್ತಾರೆ. ಆ ಗಡಿಗೆ ಮೇಲಿನ ಕೊಳವೆಗಿಂತ ಎರಡೂವರೆ ಪಟ್ಟು ಅಗಲ. ಎರಿ ಮಣ್ಣಿನಲ್ಲಿ ಕನಿಷ್ಠ ಮೂರೂವರೆ ಮೀಟರ್ ಇಳಿಸಬೇಕು. ಮೇಲಿನ ಮಣ್ಣು ಎತ್ತಲು ನೋಡಿದರೂ ಆ ಗಡಿಗೆ ಕೆಳಗೆ ಹಿಡಿದುಕೊಂಡಿರುತ್ತದೆ. ಇದನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ್ದು. ಅಪಾಯ ಒಂದೇ: ತಳದ ಗಡಿಗೆ ಸರಿಯಾಗಿ ಕೊರೆದರೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ. ಮೊದಲು ಮಾಡಿ ಗೊತ್ತಿರುವ ತಂಡವೇ ಬೇಕು, ಕೊರೆಯುವಾಗ ಇಂಜಿನಿಯರ್ ನಿಂತು ನೋಡಬೇಕು. ಪೈಲ್ ಮೇಲಿನ ತೊಲೆ ಮಣ್ಣಿಗೆ ತಾಗದಂತೆ ಮೂರಿಂಚು ಖಾಲಿ ಬಿಡಬೇಕು. ಆ ಖಾಲಿ ಜಾಗವನ್ನು ಯಾರೋ ಒಬ್ಬರು ಪ್ರೀತಿಯಿಂದ ಮಣ್ಣು ಹಾಕಿ ಮುಚ್ಚಿಬಿಡುತ್ತಾರೆ. ಆಗ ಮಣ್ಣು ಉಬ್ಬಿ ತೊಲೆಯನ್ನೇ ಎತ್ತುತ್ತದೆ.

ನೆಲದ ಮಾತು ಬೇರೆ. ಕಾಲಮ್ಮು ಗಟ್ಟಿ ಕೂತರೂ ನೆಲ ಎರಿ ಮಣ್ಣಿನ ಮೇಲೇ ಇರುತ್ತದಲ್ಲ. ಅಲ್ಲಿ ಸುಮಾರು ಒಂದು ಮೀಟರ್ ಎರಿ ಮಣ್ಣು ತೆಗೆದು ಉಬ್ಬದ, ಸ್ವಲ್ಪ ಅಂಟುಳ್ಳ ಮುರುಮ್ ಹಾಕಿ. ಎಷ್ಟು ದಪ್ಪ ಅನ್ನುವುದನ್ನು ವರದಿ ಹೇಳುತ್ತದೆ. ಆರಿಂಚು, ಎಂಟಿಂಚಿನ ಪದರವಾಗಿ ನೀರು ಹಾಕಿ ರೋಲರ್ ಹೊಡೆಯಬೇಕು. ಒಂದೇ ಸಲ ಟಿಪ್ಪರ್ ಸುರಿದು ಮೇಲೆ ಜೆಸಿಬಿ ಓಡಿಸಿದರೆ ಅದು ರೋಲಿಂಗ್ ಅಲ್ಲ. ಕಟ್ಟಡದ ಸುತ್ತ ನಾಲ್ಕೈದು ಫೂಟ್ ಅಗಲ ಕಾಂಕ್ರೀಟ್ ಹಾಸು, ಹೊರಗೆ ಇಳಿಜಾರು. ತೊಟ್ಟಿ, ಸಂಡಾಸು ಗುಂಡಿ, ಗಿಡ ಮೂರನ್ನೂ ದೂರ ಇಡಿ. ಬೇವಿನ ಗಿಡ ನೆರಳಿಗೆ ಚಂದ, ಆದರೆ ಗೋಡೆ ಪಕ್ಕ ಬೇಡ. ಅದರ ಬೇರು ಬೇಸಿಗೆಯಲ್ಲಿ ಮಣ್ಣಿನ ತೇವ ಹೀರಿ ಒಂದೇ ಬದಿ ಕುಗ್ಗಿಸುತ್ತದೆ.

ಶೆಡ್ಡೋ, ಸ್ಲ್ಯಾಬೋ?

ಮಗನ ಮಾತಿನಲ್ಲಿ ಹುರುಳಿದೆ. ಹಿಂದಿನ ಗೋದಾಮಿಗೆ ಕಬ್ಬಿಣದ ಶೆಡ್ ನನಗೂ ಒಪ್ಪಿಗೆ. ನಡುವೆ ಕಂಬ ಇರುವುದಿಲ್ಲ, ಛಲ್ಲಿ ಹೊಡೆಯಲು, ಅಂದರೆ ಚೀಲ ಪೇರಿಸಲು, ಜಾಗ ಪೂರ್ತಿ ಸಿಗುತ್ತದೆ. ಪಾಯದ ಕೆಲಸ ಇಲ್ಲಿ ನಡೆಯುವಾಗ ಫ್ರೇಮು ಕಾರ್ಖಾನೆಯಲ್ಲಿ ತಯಾರಾಗುತ್ತಿರುತ್ತದೆ, ಎರಡು ತಿಂಗಳು ಉಳಿಯುತ್ತದೆ. ಆದರೆ "ಶೆಡ್ ಹಗುರ, ಪಾಯ ಹೇಗಿದ್ದರೂ ನಡೆಯುತ್ತದೆ" ಅನ್ನುವುದು ತಪ್ಪು ತಿಳಿವಳಿಕೆ. ಎರಿ ಮಣ್ಣಿನಲ್ಲಿ ಹಗುರ ಕಟ್ಟಡಕ್ಕೇ ತೊಂದರೆ ಜಾಸ್ತಿ. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವ ತೂಕ ಅದಕ್ಕಿಲ್ಲ. ಮೇಲಿನಿಂದ ಮೇ ತಿಂಗಳ ಬಿರುಗಾಳಿ ಬೇರೆ ಎಳೆಯುತ್ತದೆ. ಗಾಳಿಗೂ ಭೂಕಂಪಕ್ಕೂ ಅಡ್ಡ ಕಟ್ಟು ಸರಿಯಾಗಿರಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪಕ್ಕೆ ಮಹಾರಾಷ್ಟ್ರದ ಕಿಲ್ಲಾರಿ ಕುಸಿದದ್ದು ನಮ್ಮ ಆಳಂದ ಗಡಿಯಿಂದ ಅಷ್ಟೇನೂ ದೂರದಲ್ಲಲ್ಲ.

ಇನ್ನೊಂದು, ಬಿಸಿಲು. ನಮ್ಮ ಕಡೆ ಮೇ ತಿಂಗಳಲ್ಲಿ 42, 43 ಡಿಗ್ರಿ ಹೊಸದಲ್ಲ. ಬರೀ ತಗಡಿನ ಕೆಳಗೆ ತೊಗರಿ ಇಟ್ಟರೆ ಕಾಳಿನ ತೇವ ಹಾರಿ ತೂಕ ಕಡಿಮೆ ಆಗುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ತಗಡಿನ ಕೆಳಗೆ ಶಾಖ ತಡೆಯುವ ಹಾಸು, ಮೇಲೆ ಗಾಳಿಗೆ ತಿರುಗುವ ವೆಂಟಿಲೇಟರ್, ಗೋಡೆಯಲ್ಲಿ ಜಾಲರಿ ಹಾಕಿದ ಕಿಂಡಿ ಮೊದಲೇ ಲೆಕ್ಕದಲ್ಲಿರಲಿ. ಆಮೇಲೆ ಹಾಕಿಸೋಣ ಅಂದರೆ ಯಾರೂ ಹಾಕಿಸುವುದಿಲ್ಲ.

ಮುಂದಿನ ಅಂಗಡಿ, ಆಫೀಸು ಆರ್‌ಸಿಸಿ ಇರಲಿ. ಆದರೆ ಅದಕ್ಕೂ ಶೆಡ್ಡಿಗೂ ನಡುವೆ ಜೋಡಣೆ ಬೇಡ, ಒಂದು ಸಂದು ಬಿಟ್ಟು ಎರಡನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ. ಭಾರ ಬೇರೆ, ಅಲುಗಾಟ ಬೇರೆ. ಒಂದಕ್ಕೊಂದು ಕಟ್ಟಿಹಾಕಿದರೆ ಮೊದಲ ಮಳೆಗೇ ಆ ಜಾಗದಲ್ಲಿ ಬಿರುಕು ಕಾಣುತ್ತದೆ.

ಮೇಲಿನ ಆಫೀಸಿನ ಬಗ್ಗೆ ಒಂದು ಎಚ್ಚರಿಕೆ. ಸೀಸನ್ ಜೋರಾದಾಗ "ಮೇಲೆ ಒಂದೈನೂರು ಚೀಲ ಇಡೋಣ" ಅನ್ನಿಸುತ್ತದೆ. ಆಗ ಈ ಲೆಕ್ಕ ನೆನಪಿರಲಿ. ಐವತ್ತು ಕೆಜಿಯ ಚೀಲ ಹದಿನೈದು ಎತ್ತರ ಪೇರಿಸಿದರೆ ಕೆಳಗೆ ಚದರಡಿಗೆ ಸುಮಾರು 170 ಕೆಜಿ ಭಾರ. ಆಫೀಸಿನ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರಡಿಗೆ 23 ಕೆಜಿ ಓಡಾಟದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಏಳು ಪಟ್ಟು ಆಯಿತಲ್ಲ! ಮೇಲೆ ಮಾಲು ಇಡುವ ಮನಸ್ಸು ಒಂದು ಚೂರಾದರೂ ಇದ್ದರೆ ಇವತ್ತೇ ಇಂಜಿನಿಯರಿಗೆ ಹೇಳಿ. ಸ್ಲ್ಯಾಬ್ ಹಾಕಿದ ಮೇಲೆ ಹೇಳಿದರೆ ಏನೂ ಮಾಡಲು ಬರುವುದಿಲ್ಲ.

ಹಮಾಲರನ್ನು ಯಾರಾದರೂ ಕೇಳುತ್ತಾರಾ? ನಾನು ಕೇಳುತ್ತೇನೆ. ಗೋದಾಮಿನ ಕಟ್ಟೆ ಲಾರಿಯ ತಳದ ಮಟ್ಟಕ್ಕೆ, ಅಂದರೆ ಸುಮಾರು ನಾಲ್ಕು ಫೂಟಿಗೆ ಬಂದರೆ ಚೀಲ ಬೆನ್ನ ಮೇಲೆ ಹೊತ್ತು ಹಲಗೆ ಏರುವ ಕಷ್ಟ ಇಲ್ಲ, ಗಾಡಿಯಲ್ಲಿ ತಳ್ಳಬಹುದು. ಲಾರಿ ಬೇಗ ಖಾಲಿ ಆಗುತ್ತದೆ. ಅಷ್ಟು ಎತ್ತರಕ್ಕೆ ಮಣ್ಣು ತುಂಬುವ ಖರ್ಚು ಇದೆ, ನಿಜ. ಪೂರ್ತಿ ನೆಲ ಎತ್ತರಿಸಲು ಆಗದಿದ್ದರೆ ಬಾಗಿಲ ಬಳಿ ಒಂದು ಕಟ್ಟೆಯನ್ನಾದರೂ ಆ ಮಟ್ಟಕ್ಕೆ ಕಟ್ಟಿಸಿ. 60 ಫೂಟಿನ ಪ್ಲಾಟಿನಲ್ಲಿ ಹತ್ತು ಗಾಲಿಯ ಲಾರಿ ತಿರುಗುವುದಿಲ್ಲ, ಹಿಮ್ಮುಖ ಬರಬೇಕು. ಆದ್ದರಿಂದ ಒಂದು ಬದಿ ಹದಿನೈದು, ಹದಿನಾರು ಫೂಟ್ ನೇರ ದಾರಿ ಹಿಂದಿನ ತನಕ ಖಾಲಿ ಬಿಡಿ. ನಕ್ಷೆಯ ನಿಯಮದ ಪ್ರಕಾರ ಬದಿಗೆ ಬಿಡಬೇಕಾದ ಜಾಗ ಹೇಗೂ ಇದೆ. ಅದನ್ನೇ ಇನ್ನಷ್ಟು ಅಗಲ ಮಾಡಿದರಾಯಿತು. ಮುಂದಿನ ಎರಡು ಶಟರ್ ಪೂರ್ತಿ ಅಗಲ ನುಂಗಿದರೆ ಲಾರಿ ರಸ್ತೆಯಲ್ಲೇ ನಿಲ್ಲುತ್ತದೆ.

ವಾಸ್ತು ನೋಡಿಸುವವರಿದ್ದರೆ ಈಗಲೇ, ಪೆನ್ಸಿಲ್ ನಕ್ಷೆ ಇರುವಾಗಲೇ ತೋರಿಸಿ. ಕಾಲಮ್ಮು ಎದ್ದ ಮೇಲೆ ಬಾಗಿಲು ಈಶಾನ್ಯಕ್ಕೆ ಬೇಕು ಅಂದರೆ ಎಲ್ಲರಿಗೂ ನೋವು.

1,700 ರೂಪಾಯಿಯಲ್ಲಿ ಏನೇನಿದೆ?

"ಎಲ್ಲಾ ಸೇರಿ" ಅನ್ನುವ ಮಾತನ್ನು ಕಾಗದದ ಮೇಲೆ ಬರೆಸಿ ನೋಡಿ. ಪೈಲ್ ಹಾಕಬೇಕಾದರೆ ಅದು ಸೇರಿದೆಯೇ? ಮುರುಮ್ ಬದಲಾವಣೆ? ಕಾಂಪೌಂಡ್, ಗೇಟ್, ತೊಟ್ಟಿ, ಬೋರ್, ಬೆಂಕಿ ಆರಿಸುವ ಸಾಮಾನು, ಲಾರಿ ಓಡಾಡುವ ಅಂಗಳದ ಕಾಂಕ್ರೀಟು, ವಿದ್ಯುತ್ ಲೋಡ್ ಜಾಸ್ತಿ ಆದರೆ ಟ್ರಾನ್ಸ್‌ಫಾರ್ಮರ್? ಹೆಚ್ಚಿನ ಸಲ ಉತ್ತರ "ಅದು ಬ್ಯಾರೆರಿ". ಗುತ್ತೇದಾರರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನಕ್ಷೆಯೇ ಇಲ್ಲದೆ ದರ ಕೇಳಿದರೆ ಅವರಾದರೂ ಏನು ಹೇಳಬೇಕು? ಮೊದಲು ಪೂರ್ತಿ ನಕ್ಷೆ, ಸ್ಟ್ರಕ್ಚರಲ್ ನಕ್ಷೆ, ಪ್ರತಿ ಕೆಲಸದ ಅಳತೆ ಪಟ್ಟಿ ಮಾಡಿಸಿ. ಅದನ್ನೇ ಮೂರು ಜನರಿಗೆ ಕೊಟ್ಟು ದರ ಬರೆಸಿಕೊಳ್ಳಿ. ಈಗಿನ ಗುತ್ತೇದಾರರೂ ಅದರಲ್ಲಿ ಒಬ್ಬರಾಗಲಿ. ಆಗ ಮೂರೂ ದರವನ್ನು ಹೋಲಿಸಬಹುದು.

ಜಿಎಸ್‌ಟಿ ಸೇರಿದೆಯೋ ಹೊರಗೋ ಕೇಳಿ. ವಾಣಿಜ್ಯ ಕಟ್ಟಡದ ಗುತ್ತಿಗೆಗೆ 18 ಪರ್ಸೆಂಟ್. ಕೆಲವರು "ನೀವು ವ್ಯಾಪಾರಿ, ವಾಪಸ್ ಸಿಗುತ್ತದೆ" ಅನ್ನುತ್ತಾರೆ. ಸಿಗುವುದಿಲ್ಲ. ಸ್ವಂತಕ್ಕೆ ಕಟ್ಟಿಸಿಕೊಳ್ಳುವ ಕಟ್ಟಡದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಇಲ್ಲ ಅಂತ ಜಿಎಸ್‌ಟಿ ಕಾಯ್ದೆಯ 17(5) ಕಲಮೇ ಹೇಳುತ್ತದೆ. ಆದ್ದರಿಂದ ಅದು ಪೂರ್ತಿ ಖರ್ಚು ಅಂತಲೇ ಬರೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ತೆರಿಗೆ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರದ ಲೆಕ್ಕ ಯಾರಾದರೂ ತೋರಿಸಿದರೆ ಇದನ್ನು ನೆನಪಿಸಿ. ಕಟ್ಟಡ ಕಾರ್ಮಿಕರ ಕಲ್ಯಾಣದ ಸೆಸ್ ಕಟ್ಟಡ ವೆಚ್ಚದ ಒಂದು ಪರ್ಸೆಂಟ್. 80 ಲಕ್ಷದ ಕೆಲಸಕ್ಕೆ 80 ಸಾವಿರ. ಇದನ್ನೂ ಎಲ್ಲರೂ ಮರೆಯುತ್ತಾರೆ.

ಸೇಡಂ, ವಾಡಿ, ಮಳಖೇಡ ಎಲ್ಲಾ ಪಕ್ಕದಲ್ಲೇ, ಸಿಮೆಂಟಿಗೆ ನಮಗೆ ಕೊರತೆ ಇಲ್ಲ. ಕೊರತೆ ಇರುವುದು ನೀರು ಹೊಡೆಯುವುದಕ್ಕೆ. ಏಪ್ರಿಲ್ ಬಿಸಿಲಿನಲ್ಲಿ ಹಾಕಿದ ಕಾಂಕ್ರೀಟಿಗೆ ಮೂರು ದಿನ ನೀರು ಹೊಡೆದು ಬಿಟ್ಟರೆ ಯಾವ ಸಿಮೆಂಟ್ ಆದರೂ ಒಂದೇ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ ನಮ್ಮ ಬಿಸಿಲಿಗೆ 14 ದಿನ ಬೇಕು, ಗೋಣಿತಟ್ಟು ಹೊದಿಸಿ. ಬೋರ್ ನೀರು ಉಪ್ಪಾಗಿದ್ದರೆ ಕಾಂಕ್ರೀಟಿಗೆ ಬಳಸುವ ಮೊದಲು ಪರೀಕ್ಷೆ ಮಾಡಿಸಿ. ಕಬ್ಬಿಣ ಇರುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ದಾಟಿದರೆ ಒಳಗಿನ ಸರಳು ತುಕ್ಕು ಹಿಡಿಯುತ್ತದೆ.

ರೊಕ್ಕದ ವಿಷಯದಲ್ಲಿ ಒಂದೇ ಮಾತು. ತೊಗರಿ ಕೊಳ್ಳುವ ರೊಕ್ಕ ಕಟ್ಟಡಕ್ಕೆ ಹಾಕಬೇಡಿ. ಕಟ್ಟಡದ ಖಾತೆ ಬೇರೆ ತೆರೆಯಿರಿ. ಒಪ್ಪಿದ ಮೊತ್ತದ ಮೇಲೆ ಹತ್ತು ಪರ್ಸೆಂಟ್ ಕೈಯಲ್ಲಿರಲಿ, ಮಣ್ಣಿನ ಕೆಲಸದಲ್ಲಿ ಅದು ಖರ್ಚಾಗುತ್ತದೆ. ಕಂತನ್ನು ತಿಂಗಳ ಲೆಕ್ಕಕ್ಕೆ ಕೊಡಬೇಡಿ, ಮುಗಿದ ಕೆಲಸದ ಅಳತೆಗೆ ಕೊಡಿ. ಪ್ರತಿ ಬಿಲ್ಲಿನಲ್ಲಿ ಐದು ಪರ್ಸೆಂಟ್ ಹಿಡಿದಿಟ್ಟು ಒಂದು ಮಳೆಗಾಲ ದಾಟಿದ ಮೇಲೆ ಬಿಡುಗಡೆ ಮಾಡುವುದಾಗಿ ಒಪ್ಪಂದದಲ್ಲೇ ಬರೆಯಿರಿ. ಸಾಲ ತೆಗೆಯುವುದಿದ್ದರೆ ಗುದ್ದಲಿ ಬೀಳುವ ಮೊದಲೇ ಬ್ಯಾಂಕಿಗೆ ಹೋಗಿ. 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಂಥ ಯೋಜನೆಯಲ್ಲಿ ಗೋದಾಮಿಗೆ 2 ಕೋಟಿ ತನಕದ ಸಾಲದ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿ ಇತ್ತು. ಈಗ ಯಾವುದು ಚಾಲ್ತಿಯಲ್ಲಿದೆ, ನಿಮಗೆ ಅನ್ವಯಿಸುತ್ತದೆಯೇ ಅಂತ ಮ್ಯಾನೇಜರನ್ನೇ ಕೇಳಿ. ಕಟ್ಟಿ ಮುಗಿಸಿದ ಮೇಲೆ ಕೇಳಿದರೆ ಪ್ರಯೋಜನ ಕಡಿಮೆ.

ಹಾಗಾದರೆ ಮುಂದಿನ ಸೀಸನ್ನಿಗೆ ಒಳಗೆ ಹೋಗಬಹುದೇ? ಎನ್‌ಎ ಆದೇಶ ವಾಣಿಜ್ಯಕ್ಕೇ ಇದ್ದರೆ ಹೋಗಬಹುದು, ಗೋದಾಮಿಗೆ ಮಾತ್ರ. ಇಡೀ ನಕ್ಷೆ ಒಂದೇ ಸಲ ಮಂಜೂರು ಮಾಡಿಸಿ. ಎರಡೂ ಭಾಗದ ಪಾಯ ಈ ಬೇಸಿಗೆಯಲ್ಲೇ ಮುಗಿಸಿ, ಮೇ ಕೊನೆಯೊಳಗೆ ಪ್ಲಿಂತ್ ಮಟ್ಟಕ್ಕೆ ಬಂದು ಮುರುಮ್ ರೋಲಿಂಗ್ ಆಗಲಿ. ಜೂನ್, ಜುಲೈಯಲ್ಲಿ ಶೆಡ್ ನಿಲ್ಲಲಿ. ಮಳೆಗಾಲ ಪೂರ್ತಿ ಶೆಡ್ಡಿನ ಕೆಳಗೆ ನೆಲದ ಕೆಲಸ ನಡೆಯಲಿ. ಮುಂದಿನ ಅಂಗಡಿ, ಆಫೀಸು ಮರು ವರ್ಷಕ್ಕೆ ಇರಲಿ. ಆದರೆ ಅರ್ಧ ಕಟ್ಟಡಕ್ಕೆ ಒಸಿ, ಮೀಟರ್ ಸಿಗುತ್ತದೆಯೇ ಅನ್ನುವುದನ್ನು ಮಂಜೂರಾತಿಯ ಸಮಯದಲ್ಲೇ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಆಗುವುದಿಲ್ಲ ಅಂದರೆ ಗೋದಾಮಿಗೂ ಮುಂದಿನ ಭಾಗಕ್ಕೂ ಬೇರೆ ಬೇರೆ ಮಂಜೂರಾತಿಗೆ ದಾರಿ ಇದೆಯೇ ವಿಚಾರಿಸಿ. ಎನ್‌ಎ ವಾಸಕ್ಕೆಂದು ಇದ್ದರೆ ಮಾತ್ರ ಒಂದು ವರ್ಷ ಬಾಡಿಗೆ ಗೋದಾಮು ಮುಂದುವರಿಸಿ. ಒಂದು ವರ್ಷದ ಬಾಡಿಗೆ ಹೋದೀತು, ಪಾಯ ಹೋಗುವುದಿಲ್ಲ. ಹೇಗೇ ಆದರೂ ಈಗಿನ ಗೋದಾಮಿನ ಮಾಲೀಕರಿಗೆ ಬಿಡುತ್ತೇನೆ ಅಂತ ಇವತ್ತೇ ಹೇಳಬೇಡಿ. ಮುಂದಿನ ಮಾರ್ಚ್ ತನಕ ಕರಾರು ಇಟ್ಟುಕೊಳ್ಳಿ.

ಈ ವಾರ ಮಾಡಬಹುದಾದ ಕೆಲಸ ಎರಡಿವೆ. ಎನ್‌ಎ ಆದೇಶದ ಪ್ರತಿ ತೆಗೆದು ಉದ್ದೇಶದ ಸಾಲಿಗೆ ಗೆರೆ ಹೊಡೆಯಿರಿ. ಆಮೇಲೆ ಪ್ಲಾಟಿನ ಮೂರು ಕಡೆ ಎಂಟು ಫೂಟ್ ಗುಂಡಿ ತೋಡಿಸಿ. ಜೆಸಿಬಿಗೆ ಒಂದೆರಡು ತಾಸಿನ ಕೆಲಸ. ಬದಿ ಕುಸಿಯುವ ಮಣ್ಣು, ಒಳಗೆ ಯಾರೂ ಇಳಿಯಬಾರದು. ಮೇಲಿನಿಂದಲೇ ಉದ್ದನೆಯ ಕೋಲಿಗೆ ಅಳತೆ ಟೇಪು ಕಟ್ಟಿ ಇಳಿಬಿಟ್ಟು, ಕಪ್ಪು ಮಣ್ಣು ಎಲ್ಲಿ ಮುಗಿದು ಮುರುಮ್ ಎಲ್ಲಿ ಶುರುವಾಗುತ್ತದೆ ಅಂತ ಕಾಣುವ ಹಾಗೆ ಮಗನ ಕೈಯಲ್ಲಿ ಫೋಟೋ ತೆಗೆಸಿ. ಆ ಫೋಟೋ ಹಿಡಿದು ಇಂಜಿನಿಯರ್ ಹತ್ತಿರ ಹೋಗಿ. ಗುಂಡಿಗಳನ್ನು ಅದೇ ದಿನ ಮುಚ್ಚಿಸಿ, ದನ ಬೀಳುತ್ತವೆ.